ಬೆಟ್ಟದಪುರದ ಮೆಟ್ಟಿಲ ಮೇಲೆ ಒಂದು ಓಲ್ಡಾನ್

ನನ್ನ ಹತ್ತಿರ ಚೌಕಾಸಿ ಮಾಡಿ ಗೆದ್ದವರು ಕಡಿಮೆ. ಹುಣಸೂರು ಬಸ್ ನಿಲ್ದಾಣದ ಪಕ್ಕದಲ್ಲಿ ಟಾರ್ಪಾಲು, ಹಗ್ಗ ಮಾರುವ ಅಂಗಡಿ ನನ್ನದು. ಮೊದಲು ಟಾರ್ಪಾಲಿನ ಸುರುಳಿಯನ್ನು ಹೆಗಲ ಮೇಲೆ ಹೊತ್ತು ಸಂತೆಯಿಂದ ಸಂತೆಗೆ ತಿರುಗುತ್ತಿದ್ದೆ. ಮಳಿಗೆ ಹಿಡಿದದ್ದು ಎಷ್ಟೋ ವರ್ಷದ ಮೇಲೆ. ಹಾಗಾಗಿ ಮಾಲನ್ನು ಒಮ್ಮೆ ಕೈಯಲ್ಲಿ ಹಿಸುಕಿ ನೋಡಿದರೆ ಅದರ ಯೋಗ್ಯತೆ ಗೊತ್ತಾಗುತ್ತದೆ, ಬಾಯಿ ತೆರೆದರೆ ಬೆಲೆ ಇಳಿಯುತ್ತದೆ ಎಂಬ ಜಂಭ ನನಗಿತ್ತು. ಆ ಜಂಭಕ್ಕೆ ಎರಡು ಸಲ ಪೆಟ್ಟು ಬಿದ್ದಿದೆ. ಎರಡು ಸಲವೂ ಪಕ್ಕದಲ್ಲಿದ್ದವರು ಒಬ್ಬರೇ: ಕೆ.ಆರ್. ನಗರದ ಒಬ್ಬ ಬಸ್ ಕಂಡಕ್ಟರು, ಈಗ ನಿವೃತ್ತರು.

ಮೊದಲ ಪೆಟ್ಟು ಅವರ ಬಸ್ಸಿನಲ್ಲೇ. ಸುರುಳಿಗೆ ಲಗೇಜು ಟಿಕೆಟ್ ಬೇಡ ಎಂದು ನಾನು, ಬೇಕೇ ಬೇಕು ಎಂದು ಅವರು. ಕಾಲಡಿ ಇಟ್ಟುಕೊಳ್ಳುತ್ತೇನೆ, ತೊಡೆ ಮೇಲೆ ಇಟ್ಟುಕೊಳ್ಳುತ್ತೇನೆ ಎಂದೆಲ್ಲ ಅಂಗಲಾಚಿದೆ. ಬಿಳಿಕೆರೆ ಬರುವವರೆಗೂ ನಗುನಗುತ್ತಾ ಕೇಳಿಸಿಕೊಂಡು, ಕೊನೆಗೆ ಟಿಕೆಟ್ ಹರಿದು ನನ್ನ ಜೇಬಿಗೇ ತುರುಕಿದರು. "ಮಾತು ಚೆಂದಾಗದೆ ಸಾವ್ಕಾರ್ರೇ, ನಾಳೆನೂ ಬನ್ನಿ" ಎಂದರು. ಅಂದಿನಿಂದ ಅವರು ನನಗೆ ಕಂಡಕ್ಟರು, ನಾನು ಅವರಿಗೆ ಸಾವ್ಕಾರ.

ಅವರು ನಿವೃತ್ತರಾದ ಮೇಲೆ ನನಗೆ ಸಕ್ಕರೆ ಕಾಯಿಲೆ ಬಂತು. ನಡೆಯಿರಿ ಎಂದರು ಡಾಕ್ಟರು. ಒಬ್ಬನೇ ನಡೆಯುವುದು ಬೇಜಾರು ಎಂದು ಕಂಡಕ್ಟರನ್ನು ಕರೆದೆ. ಭಾನುವಾರ ಬಂದರೆ ಒಂದು ಬೆಟ್ಟ, ಇಲ್ಲವೇ ಒಂದು ಕೆರೆ ಏರಿ, ಇಲ್ಲವೇ ನಾಲೆಯ ದಂಡೆ. ಕಾಡಿನ ಆಸೆ ಮಾತ್ರ ಇಟ್ಟುಕೊಳ್ಳಲಿಲ್ಲ. ನಿಮಗೂ ಅದನ್ನೇ ಹೇಳುತ್ತೇನೆ. ವೀರನಹೊಸಹಳ್ಳಿ ಕಡೆ ಮರಗಳು ಚೆನ್ನಾಗಿ ಕಾಣುತ್ತವೆ ಎಂದು ಅಪ್ಪಣೆ ಇಲ್ಲದೆ ಒಳಗೆ ಕಾಲಿಡಬೇಡಿ. ಆನೆಯ ಹತ್ತಿರ ಚೌಕಾಸಿ ನಡೆಯುವುದಿಲ್ಲ.

ಅವರು ನಡೆಯುವ ರೀತಿಯನ್ನು ನೋಡಿಯೇ ಕಲಿಯಬೇಕು. ಎಷ್ಟು ಜನ ಹೋದರೂ ಅವರು ಎಲ್ಲರಿಗಿಂತ ಹಿಂದೆ. ಹೊರಡುವ ಮೊದಲು ಎಲ್ಲರ ಕಾಲು, ಚೀಲ, ನೀರಿನ ಬಾಟಲಿ ನೋಡಿ, ಕೊನೆಯವರು ಹೆಜ್ಜೆ ಎತ್ತಿದ ಮೇಲೆ ಮಾತ್ರ "ರೈಟ್!" ಎನ್ನುತ್ತಾರೆ. ಯಾರಾದರೂ ಹಿಂದೆ ಬಿದ್ದರೆ "ಓಲ್ಡಾನ್!" ಅಷ್ಟೇ. ಮುಂದೆ ಎಷ್ಟೇ ದೂರ ಹೋಗಿದ್ದರೂ ನಿಲ್ಲಲೇಬೇಕು. ಒಮ್ಮೆ ನಾನು ನಿಲ್ಲದೆ ಹೋಗಿದ್ದಕ್ಕೆ, "ಬಸ್ಸು ಡ್ರೈವರ್‌ದಲ್ಲ ಸಾವ್ಕಾರ್ರೇ, ಕೊನೇಗೆ ಅತ್ತೋ ಮುದುಕೀದು" ಎಂದಿದ್ದರು.

ಊಟದಲ್ಲೂ ಹಾಗೆಯೇ. ಒಮ್ಮೆ ಕೆ.ಆರ್. ನಗರದ ಕಡೆ ಪರಿಚಯದವರ ಗದ್ದೆ ಬದುವಿನಲ್ಲಿ ನನ್ನ ಟಾರ್ಪಾಲು ಕಟ್ಟಿ ಇಡೀ ಹಗಲು ಕಳೆದೆವು. ಮೂರು ಕಲ್ಲಿಟ್ಟು, ತೆಂಗಿನ ಸೋಗೆ ಉರಿಸಿ, ಅವರು ಅವರೆಕಾಳಿನ ಉಪ್ಸಾರು ಮಾಡಿ ಮುದ್ದೆ ತಿರುವಿದರು. ಹೊಗೆ ಹಿಡಿದ ಆ ಮುದ್ದೆಯ ರುಚಿ ಮನೆಯ ಗ್ಯಾಸಿನಲ್ಲಿ ಬರುವುದಿಲ್ಲ. ನನ್ನ ಹೆಂಡತಿಯ ಎದುರು ಇದನ್ನು ಹೇಳಿ ಒಂದು ವಾರ ಅನುಭವಿಸಿದ್ದೇನೆ. ಊಟವಾದ ಮೇಲೆ ಬೂದಿಗೆ ನೀರು ಸುರಿದು, ಮೂರು ಕಲ್ಲನ್ನೂ ಕೆಡವಿ, ಮಸಿ ಹಿಡಿದ ಮುಖವನ್ನು ಕೆಳಗೆ ಮಾಡಿ ಇಟ್ಟರು. ಯಾಕೆ ಎಂದೆ. "ಒಲೆ ನಿಲ್ಸಿ ಓಗ್ಬಾರ್ದು ಅನ್ನೋರು ನಮ್ಮವ್ವ. ನಾವು ಉಂಡುದ್ದು ಜಾಗಕ್ಕೆ ಗೊತ್ತಾಗ್ಬಾರ್ದು" ಎಂದರು.

ಹೀಗಿರುವಾಗ ಅವರಿಗೆ ಎದೆನೋವು ಬಂತು. ಆಸ್ಪತ್ರೆ, ಸ್ಟೆಂಟು ಎಲ್ಲ ಆಯಿತು. ಕೆಲವು ತಿಂಗಳಾದ ಮೇಲೆ, ನಿಧಾನವಾಗಿ ನಡೆಯಬಹುದು, ಸಣ್ಣಪುಟ್ಟ ಬೆಟ್ಟವನ್ನೂ ಹತ್ತಬಹುದು ಎಂದರು ಡಾಕ್ಟರು. ಆದರೆ ಮಗಳು ಒಪ್ಪಲಿಲ್ಲ. ಆಕೆ ಅಂಗನವಾಡಿ ಟೀಚರು. ತಾಯಿ ತೀರಿಕೊಂಡ ಮೇಲೆ ಅಪ್ಪನ ಯಜಮಾನಿಕೆ ಅವಳದೇ. ಬೀದಿಯ ಕೊನೆಯ ಅಂಗಡಿಯವರೆಗೆ ಹೋಗಿ ಬರುವುದಷ್ಟೇ ಅಪ್ಪಣೆ. ನೋಡಲು ಹೋದಾಗ ಕಂಡಕ್ಟರು ಜಗಲಿಯ ಮೇಲೆ ಕೂತು ರಸ್ತೆಯಲ್ಲಿ ಹೋಗುವ ಬಸ್ಸುಗಳನ್ನು ನೋಡುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

ಅಂದು ಮಗಳೊಂದಿಗೆ ನಾನು ಮಾಡಿದ ಚೌಕಾಸಿ ನನ್ನ ಜೀವಮಾನದಲ್ಲೇ ದೊಡ್ಡದು. ಎರಡು ಲೋಟ ಕಾಫಿ ಆಗುವವರೆಗೂ ಅವಳು ಜಗ್ಗಲಿಲ್ಲ. ಕೊನೆಗೆ ಹೇಳಿದಳು: "ಆಯ್ತು ಚಿಕ್ಕಪ್ಪ. ಒಂದೇ ಒಂದು ಬೆಟ್ಟ. ನಾನೂ ಬತ್ತೀನಿ. ಅಪ್ಪ ಒಂದ್ಸಲ ಸುಸ್ತು ಅಂದ್ರೂ ಮುಗೀತು. ಆಮೇಲೆ ಬೆಟ್ಟ ಗಿಟ್ಟ ಅಂತ ನೀವು ಈ ಕಡೆ ತಲೆ ಆಕಂಗಿಲ್ಲ."

ಜಗಲಿಯಿಂದ ಕಂಡಕ್ಟರು, "ಸಾವ್ಕಾರ್ರೇ, ಇವ್ಳು ನನ್ ಮಗ್ಳು. ಚಿಲ್ರೆ ಬುಡಾಕಿಲ್ಲ" ಎಂದರು.

ವ್ಯಾಪಾರ ಕುದುರಿದ ಮೇಲೆ ಸಣ್ಣದೊಂದು ಉಡುಗೊರೆ ಕೊಡುವುದು ನನ್ನ ಪದ್ಧತಿ. ಅವಳ ಕಾಲಿನ ಅಳತೆ ಕೇಳಿಕೊಂಡು ಬೈಲಕುಪ್ಪೆಗೆ ಹೋದೆ. ಒಂದು ಸಣ್ಣ ಅಂಗಡಿಯಲ್ಲಿ ಬೆಟ್ಟ ಹತ್ತುವ ಶೂ ಇತ್ತು, ದಪ್ಪ ಅಟ್ಟೆಯದು. ಅಂಗಡಿಯ ಟಿಬೆಟನ್ ಅಜ್ಜಿ ನನಗಿಂತ ಸಲೀಸಾಗಿ ಕನ್ನಡ ಆಡುತ್ತಿದ್ದರು. "ಅದು ಬ್ಯಾಡ ಕಣಪ್ಪ, ಅಳೇ ಸ್ಟಾಕು. ಡಬ್ಬದಲ್ಲೇ ಇದ್ದು ಇದ್ದು ಗೋಂದು ಒಣಗಿರ್ತದೆ. ಬೇರೆ ತಗೋ" ಎಂದರು. ಅವರು ಸತ್ಯವನ್ನೇ ಹೇಳಿದ್ದರು. ನಾನು ಮಾಡಿದ್ದೇನು? ಆ ಸತ್ಯವನ್ನೇ ಹಿಡಿದುಕೊಂಡು, "ಅಳೇದು ಅಂತ ನೀವೇ ಅಂತೀರಲ್ಲ, ಅರ್ಧಕ್ಕೆ ಕೊಡಿ" ಎಂದು ಜಗ್ಗಾಡಿ ತಂದೆ. ಬೈಕಿನಲ್ಲಿ ಬರುವಾಗ ಹಾಡು ಬೇರೆ ಗುನುಗಿದ್ದೆ.

ಭಾನುವಾರ ಬೆಳಗ್ಗೆ ಪಿರಿಯಾಪಟ್ಟಣ ತಾಲೂಕಿನ ಬೆಟ್ಟದಪುರದ ಬೆಟ್ಟದ ಬುಡದಲ್ಲಿ ನಾವು ಮೂವರು ಸೇರಿದೆವು. ಬುಡದಿಂದ ತುದಿಯ ದೇವಸ್ಥಾನದವರೆಗೂ ಕಲ್ಲಿನ ಮೆಟ್ಟಿಲು. ಮಗಳು ಹೊಸ ಶೂ ಹಾಕಿಕೊಂಡಿದ್ದಳು. ಕಂಡಕ್ಟರ ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ, ಅದರಲ್ಲಿ ರಾಗಿ ಹುರಿಹಿಟ್ಟು. ಬೆಟ್ಟಕ್ಕೆ ಬಿಸ್ಕತ್ತು ಕೊಂಡುಹೋಗುವವರಿಗೆ ನನ್ನದೊಂದು ಮಾತು. ಅರಳುವಂತೆ ಹುರಿದ ರಾಗಿಯ ಹಿಟ್ಟಿಗೆ ಒಲೆ ಬೇಡ, ಕೆಡುವುದಿಲ್ಲ; ಬೆಲ್ಲ ಹಾಕಿದರೆ ತಿಂಡಿ; ಮಜ್ಜಿಗೆ, ಉಪ್ಪು, ಈರುಳ್ಳಿ ಹಾಕಿದರೆ ಊಟ. ನನಗೆ ಸಕ್ಕರೆ ಇರುವುದರಿಂದ ಮಜ್ಜಿಗೆಯದೇ ಗತಿ. ಅದಕ್ಕೂ ಒಂದು ಬಾಟಲಿ ತಂದಿದ್ದರು.

ಕಂಡಕ್ಟರು ಬಾಗಿ ನಮ್ಮ ಕಾಲು ನೋಡಿದರು. ಮಗಳ ಶೂ ಹತ್ತಿರ ಒಂದು ಗಳಿಗೆ ನಿಂತರು. "ರೈಟ್!"

ಅವರು ಚೆನ್ನಾಗಿಯೇ ಹತ್ತಿದರು. ಒಂದೇ ಲಯ, ಮಾತಾಡುತ್ತಲೇ ಹತ್ತುವಷ್ಟು ಉಸಿರು. ಕೆಳಗೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಗಳು ಬೆಂಕಿಪೊಟ್ಟಣದಷ್ಟಾದವು. ಕೊಯ್ಲಾದ ರಾಗಿ ಹೊಲಗಳು ಹುರಿದ ಹಪ್ಪಳದ ಬಣ್ಣದಲ್ಲಿದ್ದವು. ನಾನು ಮುಂದೆ ಹೋಗುತ್ತಾ, ಗೆದ್ದೆ, ಗೆದ್ದೆ ಎಂದು ಮನಸ್ಸಿನಲ್ಲೇ ಮೆಟ್ಟಿಲು ಎಣಿಸುತ್ತಿದ್ದೆ. ಅರ್ಧ ದಾರಿಯ ಮಂಟಪ ಕಾಣುತ್ತಿದ್ದಂತೆ ಹಿಂದಿನಿಂದ ಕೂಗು ಬಂತು.

"ಓಲ್ಡಾನ್!"

ತಿರುಗಿ ನೋಡಿದರೆ ಕಂಡಕ್ಟರು ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದರು. "ನನ್ ಕೈಲಿ ಆಗಾಕಿಲ್ಲ ಕಣವ್ವಾ. ಸುಸ್ತಾಯ್ತು. ಕೂತ್ಕೋ ಬಾ" ಎಂದು ಮಗಳಿಗೆ ಹೇಳುತ್ತಿದ್ದರು.

ಸುಸ್ತು ಎಂಬ ಮಾತು ಅವರ ಬಾಯಲ್ಲೇ ಬಂದುಬಿಟ್ಟಿತ್ತು. ಇನ್ನು ಜಗಲಿ, ಬೀದಿಯ ಕೊನೆಯ ಅಂಗಡಿ, ಅಷ್ಟೇ. ಸಿಟ್ಟಿನಲ್ಲಿ ಕೆಳಗೆ ಇಳಿದೆ. ಹತ್ತಿರ ಬಂದರೆ ಅವರ ಹಣೆಯ ಮೇಲೆ ಬೆವರಿನ ಹನಿ ಇಲ್ಲ, ಉಸಿರು ತೊಟ್ಟಿಲ ಮಗುವಿನಷ್ಟು ನೆಮ್ಮದಿಯಾಗಿದೆ. ಆಗ ಮಗಳ ಕಾಲು ಕಣ್ಣಿಗೆ ಬಿತ್ತು. ಬಲಗಾಲಿನ ಶೂ ಅಟ್ಟೆ ಮುಂದಿನಿಂದ ಹಿಮ್ಮಡಿಯವರೆಗೆ ಕಿತ್ತು, ಮೊಸಳೆ ಬಾಯಿಯಂತೆ ಬಿಟ್ಟುಕೊಂಡಿತ್ತು. ಅದಕ್ಕೆ ಕೂದಲಿನ ರಬ್ಬರ್ ಬ್ಯಾಂಡ್ ಸುತ್ತಿಕೊಂಡು, ನನಗೆ ಹೇಳಲು ಸಂಕೋಚಪಟ್ಟು, ಕುಂಟುತ್ತಾ ಹತ್ತಿದ್ದಾಳೆ. ಕಾಲ್ಬೆರಳು ಕಲ್ಲಿಗೆ ತಗುಲಿ ರಕ್ತ ಒಸರುತ್ತಿತ್ತು. ಹಿಂದೆ ಬರುತ್ತಿದ್ದ ಅಪ್ಪ ಅದನ್ನು ನೋಡಿಯೇ ಬಸ್ಸು ನಿಲ್ಲಿಸಿದ್ದರು.

ನಾನು ಬಾಯಿ ಮುಚ್ಚಿಕೊಂಡಿದ್ದರೆ ನನ್ನ ಮಾನ ಉಳಿಯುತ್ತಿತ್ತು, ಅವರ ಬೆಟ್ಟ ಹೋಗುತ್ತಿತ್ತು. ವ್ಯಾಪಾರದಲ್ಲಿ ಅಂಥ ಎಷ್ಟೋ ಕಡೆ ಬಾಯಿ ಮುಚ್ಚಿಕೊಂಡಿದ್ದೇನೆ. ಅಂದು ಆಗಲಿಲ್ಲ.

"ತಾಯಿ, ನಿಮ್ಮಪ್ಪಂಗೆ ಸುಸ್ತೂ ಇಲ್ಲ, ಏನೂ ಇಲ್ಲ. ಶೂ ಅಳೇ ಸ್ಟಾಕು. ಅಂಗಡಿ ಅಜ್ಜಿ ಬ್ಯಾಡ ಅಂದ್ರೂ ಅಗ್ಗಕ್ಕೆ ಸಿಗ್ತದೆ ಅಂತ ನಾನೇ ತಂದೆ. ತಪ್ಪು ನಂದು. ಇದನ್ನ ಲೆಕ್ಕಕ್ಕೆ ತಗಾಬ್ಯಾಡ."

ಅವಳು ನಕ್ಕಳು. "ಗೊತ್ತು ಬುಡಿ ಚಿಕ್ಕಪ್ಪ. ಅಪ್ಪಂಗೆ ನಿಜ್ವಾಗ್ಲೂ ಸುಸ್ತಾದ್ರೆ ಕೈ ಎದೆ ಮೇಲೆ ಓಯ್ತದೆ. ಈಗ ನೋಡಿ, ಉರಿಹಿಟ್ಟಿನ ಡಬ್ಬಿ ಮೇಲೈತೆ."

ಕಂಡಕ್ಟರು ಕಳ್ಳನಂತೆ ಕೈ ಹಿಂದಕ್ಕೆ ತೆಗೆದುಕೊಂಡರು.

ಹುರಿಹಿಟ್ಟು ಕಲಸಿದರು. ತಿನ್ನುತ್ತಾ ತಿನ್ನುತ್ತಾ ಅವಳ ನಗು ಹೋಯಿತು. "ಎದೆನೋವು ಬಂದ ದಿನ ಸಂತೆಯಿಂದ ಮನೆವರ್ಗೂ ಎಲ್ಲೂ ನಿಲ್ದೆ ನಡ್ಕಂಡ್ ಬಂದ್ರು. ಚೀಲ ಬೇರೆ ಒತ್ಕಂಡು. ಬಾಗ್ಲಲ್ಲಿ ಬಿದ್ರು. ಬೆಟ್ಟ ಅತ್ತಾರೋ ಇಲ್ವೋ ಅಂತ ನಂಗೆ ಭಯ ಇರ್ಲಿಲ್ಲ ಚಿಕ್ಕಪ್ಪ. ನಿಲ್ತಾರೋ ಇಲ್ವೋ ಅಂತ ಭಯ." ಅಪ್ಪನ ಕಡೆ ತಿರುಗಿದಳು. "ಊರಿಗೆಲ್ಲ ಓಲ್ಡಾನ್ ಅಂತೀರಿ. ನಿಮಗೆ ನೀವು ಯಾವತ್ತು ಅಂದಿದ್ದೀರಿ?"

ಕಂಡಕ್ಟರು ಡಬ್ಬಿಯ ಅಂಚನ್ನು ಒರೆಸಿದರು. "ಅಭ್ಯಾಸ ಇಲ್ಲ ಮಗಾ" ಎಂದರು.

"ಅಂಗಾದ್ರೆ ಒಂದು ಮಾತು. ಬೆಟ್ಟಕ್ಕೆ ಓಗಿ. ಆದ್ರೆ ಓಲ್ಡಾನ್ ಅನ್ನೋ ಅಧಿಕಾರ ಚಿಕ್ಕಪ್ಪಂಗೂ ಇರ್ಲಿ. ಅವ್ರು ಅಂದ್ರೆ ನೀವು ನಿಲ್ಬೇಕು, ಯಾಕೆ ಅಂತ ಕೇಳಂಗಿಲ್ಲ."

"ಇವ್ರಿಗಾ? ಸ್ಟಾಪು ಇಲ್ದಿದ್ ಕಡೆಯೆಲ್ಲ ಇಳೀತೀನಿ ಅನ್ನೋ ಗಿರಾಕಿ ಕಣವ್ವಾ ಇವ್ರು!"

"ಒಪ್ಪಿದ್ರೆ ಬೆಟ್ಟ. ಇಲ್ದಿದ್ರೆ ಜಗಲಿ."

ಕಂಡಕ್ಟರು ಒಪ್ಪಿದರು. ನಾನು ಅಲ್ಲಿಯವರೆಗೆ ನೋಡಿದ ಚೌಕಾಸಿಗಳಲ್ಲಿ ಇಷ್ಟು ಸೊಗಸಾದದ್ದು ಇನ್ನೊಂದಿಲ್ಲ. ಕೇಳಬೇಕಾದ್ದನ್ನು ಮಾತ್ರ ಕೇಳಿದಳು, ಉಳಿದದ್ದನ್ನೆಲ್ಲ ಬಿಟ್ಟುಕೊಟ್ಟಳು.

ತುದಿ ಇನ್ನೂ ಅರ್ಧ ದೂರ ಇತ್ತು. ಆ ಕಾಲಿನಲ್ಲಿ ಮೇಲೆ ಹೋಗುವುದು ಬೇಡವೆಂದು ಇಳಿಯಲು ಎದ್ದೆವು. ನನ್ನ ಚಪ್ಪಲಿ ಬಿಚ್ಚಿ ಅವಳಿಗೆ ಕೊಟ್ಟೆ. ಬೇಡ ಬೇಡ ಎಂದವಳು ಕೊನೆಗೆ ದೋಣಿಯಂಥ ಆ ಚಪ್ಪಲಿಯಲ್ಲಿ ಪಟಪಟ ಎಂದು ಇಳಿಯತೊಡಗಿದಳು. ಶೂ ಜೋಡಿಯನ್ನು ನಾನೇ ಕೈಯಲ್ಲಿ ಹಿಡಿದುಕೊಂಡೆ. "ಅದುಕ್ಕೆ ಲಗೇಜು ಆಯ್ತದೆ ಸಾವ್ಕಾರ್ರೇ" ಎಂದು ಕಂಡಕ್ಟರು ಹಿಂದಿನಿಂದ ಚುಚ್ಚಿದರು.

ಭಕ್ತರು ಆ ಮೆಟ್ಟಿಲುಗಳನ್ನು ಬರಿಗಾಲಲ್ಲೇ ಹತ್ತುತ್ತಾರೆ, ನಿಜ. ಆದರೆ ನನ್ನದು ಅಂಗಡಿ ಗಾದಿಯ ಮೇಲೆ ಮೆತ್ತಗಾದ ಕಾಲು, ಮೇಲಾಗಿ ಸಕ್ಕರೆ ಕಾಯಿಲೆಯ ಕಾಲು. ನಮ್ಮಂಥವರು ಬರಿಗಾಲಲ್ಲಿ ನಡೆಯಬಾರದು, ನೀವು ನಡೆಯಬೇಡಿ. ಬಿಸಿಲಿಗೆ ಕಲ್ಲು ಕಾಯುತ್ತಿತ್ತು, ಸಣ್ಣ ಹರಳು ಚುಚ್ಚುತ್ತಿತ್ತು. ಮುಂದೆ ಮಗಳು, ನನ್ನ ಹಿಂದೆ ಕಂಡಕ್ಟರು. ಇಪ್ಪತ್ತು ಮೆಟ್ಟಿಲು ಹಲ್ಲು ಕಚ್ಚಿ ಇಳಿದೆ. ಆಮೇಲೆ, ಹೊಸದಾಗಿ ಸಿಕ್ಕ ಅಧಿಕಾರವನ್ನು ಮೊದಲ ಸಲ ಚಲಾಯಿಸಿದೆ.

"ಓಲ್ಡಾನ್!"

ಮಗಳು ನಿಂತಳು. ಕಂಡಕ್ಟರೂ ನಿಂತರು, ಯಾಕೆ ಎಂದು ಕೇಳಲಿಲ್ಲ. ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿ, ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ, ಎರಡಾಗಿ ಹರಿದು, ನನ್ನ ಎರಡೂ ಪಾದಕ್ಕೆ ಬಿಗಿಯಾಗಿ ಕಟ್ಟಿದರು. ನಾನು ಎದ್ದು ನಿಂತು ಒಂದು ಹೆಜ್ಜೆ ಇಟ್ಟು ನೋಡುವವರೆಗೂ ಕಾದರು.

"ರೈಟ್!"