ಅಲುಗದಂತೆ ಮಲಗಿಸುವ ಸ್ಕ್ಯಾನ್ ಅಕ್ಕ

ಬೆಳಗಿನ ಐದೂಮುಕ್ಕಾಲು. ಆಸ್ಪತ್ರೆಯ ನೆಲಮಾಳಿಗೆಯ ಎಂಆರ್‌ಐ ಕೋಣೆಯಲ್ಲಿ ದೀಪ ಹೊತ್ತಿಕೊಳ್ಳುತ್ತದೆ. ಐವತ್ತೊಂದರ ಟೆಕ್ನೀಷಿಯನ್ ಬಳೆ, ಓಲೆ, ಕೊನೆಗೆ ಹೇರ್‌ಪಿನ್ನನ್ನೂ ಡಬ್ಬಿಗೆ ಹಾಕಿ ಒಳಗೆ ಹೋಗುತ್ತಾರೆ. ಆ ಯಂತ್ರದೊಳಗಿನ ಭಾರೀ ಅಯಸ್ಕಾಂತದ ಮುಂದೆ ಲೋಹದ ಆಟ ನಡೆಯುವುದಿಲ್ಲ. ತಲೆ ಅಲುಗದಂತೆ ಎರಡೂ ಬದಿಗೆ ಇಡುವ ಸ್ಪಂಜಿನ ತುಂಡುಗಳನ್ನು ಒತ್ತಿ ನೋಡುತ್ತಾರೆ. ಎಲ್ಲರೂ ಅವರನ್ನು ಕರೆಯುವುದು ‘ಸ್ಕ್ಯಾನ್ ಅಕ್ಕ’ ಎಂದೇ.

ಇಪ್ಪತ್ತೆರಡು ವರ್ಷದ ಸೇವೆ, ದಿನಕ್ಕೆ ಹದಿನಾಲ್ಕು ಜನ. ಮೂರು ವರ್ಷಗಳಿಂದ ಬೆಳಗಿನ ಮೊದಲ ಎರಡು ಗಂಟೆ ಆಟಗಾರರಿಗೆ ಮೀಸಲು. ತಲೆಗೆ ಬಿದ್ದ ಪೆಟ್ಟಿನಿಂದ ಮಿದುಳು ಅದುರಿದ್ದರೂ ಮಾಮೂಲಿ ಸ್ಕ್ಯಾನಿನಲ್ಲಿ ಹೆಚ್ಚಾಗಿ ಏನೂ ಕಾಣಿಸದು. ಹಾಗಾಗಿ ಇಲ್ಲಿನ ವೈದ್ಯರು ಸೀಸನ್ನಿಗೆ ಮೊದಲೇ ಪ್ರತಿಯೊಬ್ಬರ ಮಿದುಳಿನ ನರತಂತುಗಳ ಚಿತ್ರ ತೆಗೆಸಿಟ್ಟು, ಪೆಟ್ಟಾದ ಮೇಲಿನ ಚಿತ್ರದ ಜೊತೆ ಹೋಲಿಸುವ ಅಧ್ಯಯನ ನಡೆಸುತ್ತಿದ್ದಾರೆ. ಮೂವತ್ತೆಂಟು ನಿಮಿಷ ಕಲ್ಲಿನಂತೆ ಮಲಗಬೇಕು. ಅಲುಗಿದರೆ ಎಲ್ಲ ನೀರಿನಲ್ಲಿ ಹೋಮ.

ಈ ಕೆಲಸವನ್ನು ಅಕ್ಕ ಕೇಳಿ ಪಡೆದದ್ದು. ಅವರ ಅಣ್ಣ ಶಾಲೆಯ ಮೈದಾನದಲ್ಲಿ ಗೋಲ್ ಕಂಬಕ್ಕೆ ತಲೆ ಬಡಿದುಕೊಂಡಿದ್ದ. ಎಕ್ಸ್‌ರೇ ಸರಿಯಿತ್ತು. ಪುಸ್ತಕ ಹಿಡಿದರೆ ತಲೆ ಸಿಡಿಯುತ್ತದೆ ಎಂದರೆ ಮೇಷ್ಟ್ರು ಸೋಮಾರಿ ಎಂದರು, ಅಪ್ಪ ಬೆಲ್ಟು ಬಿಚ್ಚಿದರು. ಎರಡು ಸಲ ಫೇಲಾಗಿ ಅಣ್ಣ ಶಾಲೆ ಬಿಟ್ಟ. “ನಾನೂ ಅವನನ್ನ ನಾಟಕದ ಕಂಪನಿ ಅಂತ ರೇಗಿಸ್ತಿದ್ದೆ,” ಎನ್ನುತ್ತಾರೆ. “ಅದೊಂದು ಇನ್ನೂ ಚುಚ್ಚುತ್ತೆ.”

ಕಳೆದ ಸೀಸನ್ನಿನಲ್ಲಿ ಚೆಂಡು ತಲೆಗೆ ಬಡಿದ ಗೋಲ್‌ಕೀಪರ್ ಹುಡುಗಿಯೊಬ್ಬಳು ಬಂದಳು. ಫೈನಲ್‌ಗೆ ನಾಲ್ಕೇ ದಿನ. ತನಗೇನೂ ಆಗಿಲ್ಲವೆಂದು ಅವಳ ಹಟ, ಜೊತೆಗೆ ಬಂದ ಕೋಚ್‌ಗೆ ಅವಸರ. ಅವಳು ಮಿಸುಕಾಡಿ ಚಿತ್ರವೆಲ್ಲ ಮಸುಕು. ಇದನ್ನೇ ವೈದ್ಯರಿಗೆ ಕಳಿಸಿಬಿಡಿ ಎಂದು ಕೋಚ್ ದುಂಬಾಲು ಬಿದ್ದರೂ ಅಕ್ಕ ಜಗ್ಗಲಿಲ್ಲ. ಹುಡುಗಿಯ ಪಕ್ಕ ಕೂತರು.

“ನಿಜ ಹೇಳಮ್ಮ, ಬೆಳಕು ನೋಡಿದ್ರೆ ತಲೆ ನೋಯುತ್ತಾ?”

ಹುಡುಗಿ ಅತ್ತಳು. ಮತ್ತೆ ಮಲಗಿಸಿ, ಯಂತ್ರದ ಸದ್ದು ನಿಂತಾಗಲೆಲ್ಲ ಮೈಕಿನಲ್ಲಿ ಧೈರ್ಯ ಹೇಳುತ್ತಾ ಅಕ್ಕ ತೆಗೆದ ಎರಡನೆಯ ಚಿತ್ರ ಸ್ವಚ್ಛವಾಗಿ ಬಂತು. ಸೀಸನ್ನಿಗೆ ಮುಂಚಿನ ಅವಳದೇ ಚಿತ್ರಕ್ಕಿಂತ ಬೇರೆಯಾಗಿತ್ತು. ತಪಾಸಣೆ ಮುಗಿಸಿದ ವೈದ್ಯರು ಆಟ ಬೇಡವೆಂದರು. ತಂಡ ಫೈನಲ್ ಸೋತಿತು. ಕೋಚ್ ತಿಂಗಳುಗಟ್ಟಲೆ ಅಕ್ಕನ ಮುಖ ನೋಡಲಿಲ್ಲ. ಒಂಬತ್ತು ವಾರದ ಮೇಲೆ ಹುಡುಗಿ ಮೈದಾನಕ್ಕೆ ಮರಳಿದಳು.

ವರದಿಯಲ್ಲಿರುವುದು ವೈದ್ಯರ ಹೆಸರು ಮಾತ್ರ. ಬೇಸರವಿಲ್ಲವೇ ಎಂದರೆ ಅಕ್ಕ ನಗುತ್ತಾರೆ.

“ಹೆಸರು ತಗೊಂಡು ಏನ್ ಮಾಡ್ಲಿ? ಆ ಗೋಲ್‌ಕೀಪರ್ ಹುಡುಗಿ ಪಂದ್ಯ ಇರೋದು ಭಾನುವಾರ, ನನಗೆ ಅವತ್ತೇ ಡ್ಯೂಟಿ. ಒಂದ್ ಭಾನುವಾರ ರಜಾ ಸಿಕ್ರೆ ಸಾಕು. ಅವಳ ತಲೆ ಒಳಗಡೆ ಎಲ್ಲಾ ನೋಡಿದೀನಿ, ಆಟ ನೋಡಿಲ್ಲ.”