ತೇಪೆ ಕಿತ್ತ ವ್ಯಾನು

ಹಳೆಯ ಗಾಡಿ ಕೊಳ್ಳುವವರಿಗೆ ಉಪದೇಶ ಮಾಡುವ ಹಕ್ಕು ನನಗಿದೆ. ಒಂದು ಒಳ್ಳೆಯ ಗಾಡಿಯನ್ನು ಕೈಯಾರೆ ಕೆಡಿಸಿ, ಅದು ಯಾಕೆ ಕೆಟ್ಟಿತೆಂದು ವಾರಗಟ್ಟಲೆ ಹುಡುಕಿದ ಅನುಭವ ಎಲ್ಲರಿಗೂ ಇರುವುದಿಲ್ಲ.

ದಿಲ್‌ಸುಖ್‌ನಗರದಲ್ಲಿ ನನ್ನದು ಸ್ಟೀಲ್ ಪಾತ್ರೆಯ ಅಂಗಡಿ. ಹುಮನಾಬಾದಿನಿಂದ ಬರಿಗೈಯಲ್ಲಿ ಬಂದು, ತಳ್ಳುಗಾಡಿಯಿಂದ ಶುರು ಮಾಡಿ, ಸ್ವಂತ ಶಟರ್ ಎತ್ತುವವರೆಗೆ ಬಂದದ್ದು ಚೌಕಾಸಿಯ ಬಲದಿಂದಲೇ. ಹಾಗಾಗಿ ನಮ್ಮ ಕಾಲೊನಿಯ ಕನ್ನಡದವರು ಫ್ರಿಜ್ ಕೊಳ್ಳಲಿ, ಪ್ಲಾಟ್ ನೋಡಲಿ, ನನ್ನನ್ನು ಕೇಳುತ್ತಿದ್ದರು. ಕೇಳದವರ ಮನೆಗೆ ನಾನೇ ಹೋಗಿ ಹೇಳಿ ಬರುತ್ತಿದ್ದೆ.

ಎದುರು ಮನೆಯ ಅಕ್ಕ ಕಲಬುರಗಿ ಕಡೆಯವರು, ಹಪ್ಪಳದಂಥ ಖಡಕ್ ಜೋಳದ ರೊಟ್ಟಿ ಮಾಡಿ ಮಾರುತ್ತಾರೆ. ಒಂದು ದಿನ ಅವರಿಗೆ ಐಟಿ ಕಂಪನಿಗಳಿರುವ ಮಾದಾಪುರದ ಒಂದು ಮೆಸ್ಸಿನಿಂದ ದಿನಾ ಮುನ್ನೂರು ರೊಟ್ಟಿಯ ಆರ್ಡರ್ ಬಂತು. ಅಲ್ಲಿನ ಇಂಜಿನಿಯರುಗಳಿಗೆ ಜೋಳದ ಮೇಲೆ ಪ್ರೀತಿ ಉಕ್ಕಿದೆಯಂತೆ. ಮನೆಯಲ್ಲಿ ಬಡಿಸಿದರೆ ಮುಖ ತಿರುಗಿಸುವವರು ಇಲ್ಲಿ ಅದಕ್ಕೆ ಡಯಟ್ ಎಂದು ಹೆಸರಿಟ್ಟು ತಿನ್ನುತ್ತಾರೆ. ಮೆಸ್ಸಿನ ಮ್ಯಾನೇಜರನ ಷರತ್ತು ಒಂದೇ: ರೊಟ್ಟಿ ಮುರಿಯದೆ ಇಡಿಯಾಗಿ ಬರಬೇಕು. ಆ ಆರ್ಡರನ್ನು ನಂಬಿ ಅಕ್ಕ ಇಬ್ಬರು ಹೆಂಗಸರನ್ನು ಕೆಲಸಕ್ಕಿಟ್ಟುಕೊಂಡರು, ಎರಡು ಒಲೆ ಹಾಕಿಸಿದರು. ಇನ್ನು ಬೇಕಾದದ್ದು ಗಾಡಿ. ಗಾಡಿಯೆಂದ ಮೇಲೆ ನಾನಿಲ್ಲದೆ ಆಗುತ್ತದೆಯೇ?

ಮೆಹದಿಪಟ್ಟಣಂನಲ್ಲಿ ಅಡುಗೆ ಕಾಂಟ್ರಾಕ್ಟರ್ ಒಬ್ಬರ ಹಳೆಯ ವ್ಯಾನು ಸಿಕ್ಕಿತು. ಇಂಜಿನ್ ಮುಂದಿನ ಸೀಟಿನ ಕೆಳಗೆ, ಓಡಿಸುವುದು ಹಿಂದಿನ ಚಕ್ರ. ನಡುವೆ, ಗಾಡಿಯ ಹೊಟ್ಟೆಯ ಕೆಳಗೆ, ಮಾರುದ್ದದ ಕಬ್ಬಿಣದ ಕೊಳವೆಯೊಂದು ತಿರುಗುತ್ತಿರುತ್ತದೆ, ಅದೇ ಶಾಫ್ಟು. ಓಡಿಸಿ ನೋಡಿದೆ, ಹೂವಿನ ಹಾಗೆ ಓಡಿತು. ಮಾರುವವರ ಮುಂದೆ ಅದನ್ನು ಒಪ್ಪಿಕೊಳ್ಳುವಷ್ಟು ದಡ್ಡ ನಾನಲ್ಲ. ಪೇಪರ್ ಹಾಸಿ ಗಾಡಿಯ ಕೆಳಗೆ ಮಲಗಿ ಟಾರ್ಚ್ ಹಾಕಿದೆ. ಕೊಳವೆಯ ಮೇಲೆ ಹೆಬ್ಬೆರಳಗಲದ ಕಬ್ಬಿಣದ ತುಂಡೊಂದನ್ನು ವೆಲ್ಡ್ ಮಾಡಿ ಅಂಟಿಸಿದ್ದರು. ನನಗೆ ಅಷ್ಟು ಸಾಕಾಯಿತು.

"ಶಾಫ್ಟು ಮುರದದ. ತೇಪೆ ಹಾಕೀರಿ," ಎಂದೆ.

"ಅರೆ ಸಾಬ್, ಅದು ಕಂಪನಿಯಿಂದ ಬಂದದ್ದೇ ಹಾಗೆ."

"ಕಂಪನಿಯವರು ತೇಪೆ ಹಾಕಿ ಹೊಸ ಗಾಡಿ ಮಾರ್ತಾರೇನು?"

ಪಾಪ, ಅವರಿಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲದವರ ಹತ್ತಿರ ಬೆಲೆ ಇಳಿಸುವುದು ನನಗೆ ಗೊತ್ತಿತ್ತು. ಆ ತುಂಡನ್ನೇ ಹಿಡಿದು ಜಗ್ಗಿ ಜಗ್ಗಿ, ಮಧ್ಯಾಹ್ನದ ಹೊತ್ತಿಗೆ ಅವರು ಕೈಮುಗಿದು ಕೀಲಿ ಕೊಡುವ ಹಾಗೆ ಮಾಡಿದೆ. ಅಕ್ಕನಿಗೆ ತೇಪೆ ಹಾಕಿದ ಗಾಡಿ ಕೊಡಬಾರದಲ್ಲ, ಅದಕ್ಕೆ ನಮ್ಮ ಅಂಗಡಿಯ ಪಕ್ಕದ ವೆಲ್ಡಿಂಗ್‌ನವನ ಹತ್ತಿರ ಆ ತುಂಡನ್ನು ಉಜ್ಜಿ ತೆಗೆಸಿದೆ. ಮೇಲೆ ಕಪ್ಪು ಬಣ್ಣವನ್ನೂ ಬಳಿಸಿದೆ. ಉಚಿತ ಸೇವೆ.

ಡ್ರೈವರ್ ಸಿಗುವವರೆಗೆ ನಾನೇ ಓಡಿಸುವುದು, ಅಕ್ಕ ಡಬ್ಬಗಳ ಜೊತೆ ಬರುವುದು ಎಂದಾಯಿತು. ಮೊದಲ ದಿನ ಫ್ಲೈಓವರ್ ಮೇಲೆ ಅರವತ್ತರ ವೇಗ ಮುಟ್ಟಿದ್ದೇ ಗಾಡಿಗೆ ಚಳಿಜ್ವರ ಬಂತು. ಮಾದಾಪುರದಲ್ಲಿ ಡಬ್ಬ ತೆರೆದರೆ ರೊಟ್ಟಿಯ ಅಂಚೆಲ್ಲ ಚೂರು. ಮ್ಯಾನೇಜರ್ ಒಂದು ಚೂರನ್ನು ಎತ್ತಿ ಹಿಡಿದು, "ಇದು ಚಿಪ್ಸಾ ಅಮ್ಮಾ?" ಎಂದು ಕೇಳಿದ.

ನಾನು ಧೈರ್ಯಗೆಡಲಿಲ್ಲ, ಸಲಹೆ ಕೊಟ್ಟೆ. ಚಕ್ರದ ಬ್ಯಾಲೆನ್ಸ್ ಮಾಡಿಸಿದೆವು, ಅಲೈನ್‌ಮೆಂಟ್ ಮಾಡಿಸಿದೆವು, ಟೈರು ಬದಲಿಸಿದೆವು. ಇಂಜಿನ್ ಕೂರುವ ರಬ್ಬರುಗಳನ್ನೂ ಹೊಸದು ಹಾಕಿಸಿದೆವು. ನಡುಕ ಒಂದಿಷ್ಟೂ ಅಲ್ಲಾಡಲಿಲ್ಲ. ನಿಧಾನಕ್ಕೆ ಹೋದರೆ ಊಟದ ಹೊತ್ತು ಮೀರುತ್ತಿತ್ತು. ಕೊನೆಗೆ ರೊಟ್ಟಿಗಳ ನಡುವೆ ಟವೆಲ್ ಇಡಲು ಹೇಳಿದೆ. ರೊಟ್ಟಿ ಚೂರಾದದ್ದಲ್ಲದೆ ಟವೆಲ್ಲಿನ ನೂಲೂ ಅಂಟಿತು. ಮ್ಯಾನೇಜರ್ ಆ ದಿನ ತಮಾಷೆ ಮಾಡಲಿಲ್ಲ. ಸೋಮವಾರವೂ ಹೀಗೇ ಬಂದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದ. ವಾಪಸು ಬರುವಾಗ ಅಕ್ಕ, ಕೆಲಸಕ್ಕಿಟ್ಟುಕೊಂಡ ಆ ಇಬ್ಬರಿಗೆ ಏನು ಹೇಳುವುದೆಂದು ತಮ್ಮಷ್ಟಕ್ಕೇ ಗೊಣಗಿದರು.

ಶನಿವಾರ ನನ್ನ ಹೆಂಡತಿ, "ನೀವು ಹೇಳೋದು ಮುಗದಿದ್ರ ತಿಳದವರನ್ನ ಕೇಳೋಣೇನ್ರಿ?" ಎಂದು ಅಕ್ಕನನ್ನೂ ನನ್ನನ್ನೂ ಒಬ್ಬ ಮುದುಕ ಮೆಕ್ಯಾನಿಕ್ ಬಳಿಗೆ ಕಳಿಸಿದಳು. ಬೀದರಿನವರು, ಎಲ್ಲರೂ ಉಸ್ತಾದ್ ಎನ್ನುತ್ತಾರೆ. ಅವರು ನಟ್ಟು ಬಿಚ್ಚುವ ಪಾನಾ ಮುಟ್ಟಲೇ ಇಲ್ಲ. ನನ್ನ ಪಕ್ಕ ಕುಳಿತು, ಚಪ್ಪಲಿ ಬಿಟ್ಟು, ಬರಿಗಾಲನ್ನು ಗಾಡಿಯ ನೆಲಕ್ಕೆ ಊರಿದರು.

"ಓಡಸ್ರಿ."

ಅರವತ್ತಕ್ಕೆ ನಡುಕ ಶುರುವಾಯಿತು. ಅವರು ಸ್ಟೀರಿಂಗ್ ಮೇಲೆ ಎರಡು ಬೆರಳಿಟ್ಟರು. "ಇದು ಸುಮ್ಮನದ. ಮುಂದಿನ ಚಕ್ರದ್ದಾದ್ರ ಇದು ಕುಣೀತಿತ್ತು. ಈಗ ನ್ಯೂಟ್ರಲ್ ಮಾಡ್ರಿ."

ಮಾಡಿದೆ. ಇಂಜಿನ್ನಿನ ಸದ್ದು ಇಳಿಯಿತು, ನಡುಕ ಹಾಗೇ ಉಳಿಯಿತು.

"ಇಂಜಿನ್ನೂ ಅಲ್ಲ. ನ್ಯೂಟ್ರಲ್‌ದಾಗೂ ಚಕ್ರದ ಜೋಡಿ ಶಾಫ್ಟು ತಿರಗ್ತದ. ನೆಲ ಅಷ್ಟೇ ನಡಗ್ಲಿಕತ್ತದ, ಶಾಫ್ಟಿಂದ ಬರ್ಲಿಕತ್ತದ. ತಿರುಗಸ್ರಿ ಗಾಡಿ."

ನನ್ನ ಮೂರು ವಾರದ ಸಂಶೋಧನೆ ಅವರಿಗೆ ಒಂದು ಫ್ಲೈಓವರ್‌ನಷ್ಟು ದೂರ ಹಿಡಿಯಿತು. ಓದುಗರು ಇದನ್ನು ಬರೆದಿಟ್ಟುಕೊಳ್ಳಿ, ನಾನು ಪುಕ್ಕಟೆ ಹೇಳುತ್ತಿದ್ದೇನೆ.

ಗ್ಯಾರೇಜಿನಲ್ಲಿ ಅವರು ಗಾಡಿಯ ಕೆಳಗೆ ಸರಿದು ಶಾಫ್ಟಿನ ಎರಡೂ ತುದಿಯ ಜಾಯಿಂಟ್ ಅಲುಗಿಸಿ ನೋಡಿದರು. ಬಿಗಿಯಾಗಿಯೇ ಇದ್ದವು. ಆಮೇಲೆ ಕೊಳವೆಯ ಮೇಲೆ ಕೈಯಾಡಿಸುತ್ತ ಒಂದು ಕಡೆ ನಿಂತರು. ಉಗುರಿನಿಂದ ಬಣ್ಣ ಕೆರೆದರು.

"ಇಲ್ಲಿ ಒಂದು ತುಂಡಿತ್ತು. ಯಾವ ಪುಣ್ಯಾತ್ಮ ಉಜ್ಜಿ ತಗದಾನ?"

"ಅದು ತೇಪೆ ಇತ್ತ್ರಿ," ಎಂದೆ. ದನಿ ಅಷ್ಟು ಸಣ್ಣದಾಗಿ ಬಂದದ್ದು ನನಗೇ ಆಶ್ಚರ್ಯ.

"ತೇಪೆ?" ಉಸ್ತಾದ್ ಹೊರಗೆ ಸರಿದು ಎದ್ದು ಕುಳಿತರು. "ಯಾ ಅಲ್ಲಾ! ಸಾಬ್, ಅದು ತೂಕ. ಕೊಳವಿ ಒಂದು ಕಡಿ ಭಾರ ಇದ್ರ ಜೋರಾಗಿ ತಿರುಗುವಾಗ ಎಳದಾಡ್ತದ. ಅದಕ್ಕ ಎದುರು ಕಡಿ ಅಳತಿ ನೋಡಿ ಆ ತುಂಡು ಹಚ್ಚಿರ್ತಾರ."

ಅಕ್ಕ ನನ್ನ ಕಡೆ ತಿರುಗಿದರು. "ಅಂದ್ರ ಗಾಡಿ ನೆಟ್ಟಗ ಇತ್ತೇನ್ರಿ ಅಣ್ಣಾರ?"

"ಇತ್ತು."

"ಟೈರೂ ನೆಟ್ಟಗ ಇದ್ವು?"

"ಇದ್ವು."

"ಮತ್ತ ನನ್ನ ರೊಟ್ಟಿ?"

ಉಸ್ತಾದ್ ಮುಖ ತಿರುಗಿಸಿಕೊಂಡು ನಕ್ಕರು.

ಬಿಚ್ಚುವ ಮೊದಲು ಅವರು ಶಾಫ್ಟಿಗೂ ಅದು ಕೂರುವ ಜಾಗಕ್ಕೂ ಸೀಮೆಸುಣ್ಣದ ಗೆರೆ ಎಳೆದರು. ಮತ್ತೆ ಜೋಡಿಸುವಾಗ ಇದ್ದ ಹಾಗೇ ಕೂರಬೇಕಂತೆ. ಶಾಫ್ಟನ್ನು ಮೆಷಿನ್ನಿನಲ್ಲಿ ತಿರುಗಿಸಿ ತೂಕ ಸರಿಮಾಡುವ ವರ್ಕ್‌ಶಾಪಿಗೆ ಒಯ್ದೆವು. ಹೊಸ ತುಂಡು ಬೆಸೆದು ಕೊಟ್ಟರು. ಕೂಲಿ ಕೇಳಿದಾಗ ನನ್ನ ಬಾಯಿ ಅಭ್ಯಾಸಬಲದಿಂದ ತೆರೆಯಿತು. ಉಸ್ತಾದ್ ಒಮ್ಮೆ ನೋಡಿದರು, ಮುಚ್ಚಿಕೊಂಡಿತು. ಆ ದಿನದ ಖರ್ಚು, ಟೈರಿನ ಖರ್ಚು ಎಲ್ಲ ನನ್ನದೇ ಎಂದೆ. ಅಕ್ಕ ಬೇಡವೆನ್ನಲಿಲ್ಲ.

ಸೋಮವಾರ ಫ್ಲೈಓವರ್ ಮೇಲೆ ಅರವತ್ತು ದಾಟಿದಾಗ ಇಬ್ಬರೂ ಉಸಿರು ಬಿಗಿಹಿಡಿದಿದ್ದೆವು. ಗಾಡಿ ಸುಮ್ಮನಿತ್ತು. ಮೆಸ್ಸಿನಲ್ಲಿ ಮ್ಯಾನೇಜರ್ ಮೇಲಿನ ಡಬ್ಬ ಬಿಟ್ಟು ತಳದ ಡಬ್ಬವನ್ನೇ ಎಳೆದು ತೆರೆದ, ಚಾಲಾಕಿ ಮನುಷ್ಯ. ಒಂದೊಂದಾಗಿ ಎತ್ತಿ ನೋಡಿದ. ಎಲ್ಲವೂ ಚಂದ್ರನ ಹಾಗೆ ಇಡಿಯಾಗಿದ್ದವು. "ಸರಿ ಅಮ್ಮಾ, ನಡೆಯಲಿ," ಎಂದವನು ಕೂಡಲೇ, "ಐನೂರು ತಗೊಂಡರೆ ರೇಟು ಎಷ್ಟು ಕಡಿಮೆ ಮಾಡ್ತೀರಿ?" ಎಂದ.

ಚೌಕಾಸಿ! ನನ್ನ ಮೈಗೆ ಜೀವ ಬಂತು. ತೋಳು ಮಡಚಿ ಒಂದು ಹೆಜ್ಜೆ ಮುಂದಿಟ್ಟೆ.

"ಅಣ್ಣಾರ," ಎಂದರು ಅಕ್ಕ, ನನ್ನತ್ತ ನೋಡದೆಯೇ. "ನೀವು ಗಾಡ್ಯಾಗ ಕುಂದರ್ರಿ."

ಹೋಗಿ ಕುಳಿತೆ. ಗಾಜಿನೊಳಗಿಂದ ನೋಡಿದೆ: ಮ್ಯಾನೇಜರ್ ಕೈ ಬೀಸಿ ಬೀಸಿ ಏನೋ ಹೇಳಿದ, ಅಕ್ಕ ಡಬ್ಬದ ಮುಚ್ಚಳ ಹಾಕಿ ಹೊರಟ ಹಾಗೆ ಮಾಡಿದರು, ಅವನು ಹಿಂದೆ ಬಂದು ಮತ್ತೆ ಕರೆದ. ನಾನಾಗಿದ್ದರೆ ಇನ್ನೊಂದು ಹತ್ತು ಹೆಜ್ಜೆ ನಡೆದುಬಿಡುತ್ತಿದ್ದೆ. ಕೊನೆಗೆ ಐನೂರು ರೊಟ್ಟಿಗೆ ಮಾತಾಯಿತು. ಯಾವ ದರಕ್ಕೆಂದು ದಾರಿಯುದ್ದಕ್ಕೂ ಕೇಳಿದೆ. ಅವರು ಕಿಟಕಿಯ ಹೊರಗೆ ನೋಡುತ್ತ ಕುಳಿತರು. ಇವತ್ತಿಗೂ ಹೇಳಿಲ್ಲ. ನನ್ನ ಹೆಂಡತಿಗೆ ಗೊತ್ತಿದೆ, ಅವಳೂ ಹೇಳುವುದಿಲ್ಲ.