ಬೈಗುಳಕ್ಕೆ ಕಾದಿರುವ ಸೊಸೆ

ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆಯ ಬೀರಪ್ಪನ ಗುಡಿಯ ಅಂಗಳದಲ್ಲಿ ಇನ್ನೂ ನಸುಗತ್ತಲು. ಹಳೆಯ ಸೀರೆಯಲ್ಲಿ ಹೊಲಿದು ಮರಳು ತುಂಬಿದ ಚೀಲಗಳನ್ನು ಸೌಭಾಗ್ಯ ಸಾಲಾಗಿ ಇಡುತ್ತಾರೆ. ಅರವತ್ತು ದಾಟಿದ ಹನ್ನೊಂದು ಹೆಂಗಸರು ಒಂದೊಂದನ್ನು ಕೈಗೆತ್ತಿಕೊಳ್ಳುತ್ತಾರೆ. ಇಲ್ಲಿ ಒಂದು, ಎರಡು ಎಂಬ ಎಣಿಕೆಯಿಲ್ಲ. ಅವರಲ್ಲೊಬ್ಬರಾದ ಕರಿಯಕ್ಕ ಕುರಿ ಕಾಯುವ ದೇವರ ಪದ ಎತ್ತುತ್ತಾರೆ. ಸೊಲ್ಲು ಏರಿದಾಗ ಚೀಲ ಮೇಲೆ, ಇಳಿದಾಗ ಕೆಳಗೆ.

"ಹಸಿದ ಮರಿಗೆ ತಾಯ ದನಿಯ ತಿಳಿಸಿದಾತ ಬೀರಯ್ಯ..."

ಪೂಜಾರಿ ಬರುವ ಮುಂಚೆಯೇ ಗುಡಿಗೆ ಪೂಜೆ ಸಂದಂತೆ ಕೇಳುತ್ತದೆ.

ಸೌಭಾಗ್ಯ ಹರಪನಹಳ್ಳಿಯ ಖಾಸಗಿ ಆಸ್ಪತ್ರೆಯೊಂದರ ವ್ಯಾಯಾಮದ ಕೋಣೆಯಲ್ಲಿ ಸಹಾಯಕಿ. ಏಳರ ಬಸ್ಸಿಗೆ ಮುಂಚೆ ಇದು ಅವರ ಸಂಬಳವಿಲ್ಲದ ಕೆಲಸ. ವಯಸ್ಸಾದವರು ತಪ್ಪದೆ ಭಾರ ಎತ್ತಿದರೆ ಕೈಕಾಲಷ್ಟೇ ಅಲ್ಲ, ಗಮನ, ನೆನಪೂ ಚುರುಕಾಗಬಹುದು ಎಂದು ಅಲ್ಲಿನ ಡಾಕ್ಟರು ಹೇಳಿದ್ದು ಅವರ ತಲೆಯಲ್ಲಿ ಕೂತಿದೆ. "ಮರೆವು ಪೂರ್ತಿ ಹೋಗತೈತಿ ಅಂತ ಅವ್ರೂ ಅನ್ಲಿಲ್ರಿ."

ಈ ಹಟಕ್ಕೆ ಕಾರಣ ಎದುರು ಮನೆಯ ಕಟ್ಟೆಯ ಮೇಲೆ ಕೂತಿದ್ದಾರೆ: ಅತ್ತೆ ಕೊಟ್ರಬಸಮ್ಮ. ಒಂದು ಕಾಲಕ್ಕೆ ಊರ ಮದುವೆಗಳಲ್ಲಿ ಮೊದಲ ಸೊಲ್ಲು ಅವರದೇ. ಈಗ ಉಣ್ಣಿಸುವ ಸೊಸೆಯನ್ನೇ "ಯಾರ ಪೈಕಿ ತಂಗಿ ನೀನು?" ಎನ್ನುತ್ತಾರೆ. ಚೀಲ ತೋರಿಸಿದರೆ, "ನಾನೇನು ಹಮಾಲಿಯೇನು?"

ಕರಿಯಕ್ಕನೂ ಮರೆಯುತ್ತಿದ್ದವರೇ. ಅವರ ಸೊಸೆ ಮೊನ್ನೆ ಗೊಣಗಿದರಂತೆ: "ನಿನ್ನ ಚೀಲ ಎತ್ತಿ ಎತ್ತಿ ನಮ್ಮತ್ತಿ ಬಾಯಿ ಜೋರಾಗೈತಿ. ನನ್ನ ಹೆಸರು ಹಿಡದು ಬೈತಾಳ."

"ಆ ಬೈಗುಳಕ್ಕ ನನಗ ಹೊಟ್ಟಿ ಉರೀತೈತ್ರಿ." ಸೌಭಾಗ್ಯ ನಗುವುದಿಲ್ಲ. "ಊರ ಮುದುಕೇರೆಲ್ಲ ನನ್ನ ಹೆಸರು ಕರೀತಾರ, ನಮ್ಮಾಕಿ ಒಬ್ಬಾಕಿ ಬಿಟ್ಟು. ಒಂದಿನ ಕರಿಯಕ್ಕನ ಚೀಲಕ್ಕ ಎರಡು ಬೊಗಸಿ ಮರಳು ಹೆಚ್ಚಿಗಿ ಹಾಕಿದ್ದೆ, ಸೋಲ್ಲಿ ಅಂತ. ಅಕಿ ಅದನ್ನೂ ಎತ್ತಿದ್ಲು!"

ಇಂದು ಕರಿಯಕ್ಕ ಪದ ನಿಲ್ಲಿಸಿ ತೋಳು ಚಾಚುತ್ತಾರೆ. "ಬಾರವ್ವ ನನ್ನ ಮಗಳ, ರಟ್ಟಿ ಹಿಡದೈತಿ, ತಿಕ್ಕು."

ಸೌಭಾಗ್ಯ ತಿಕ್ಕುತ್ತಿರುವಾಗ ಕಟ್ಟೆಯಿಂದ ಕೂಗು ಬರುತ್ತದೆ.

"ಏ ಕರಿಯವ್ವಾ! ಯಾರ ಮಗಳಬೇ? ಅಕಿ ನನ್ನ ಸೊಸಿ!"

ಕೊಟ್ರಬಸಮ್ಮ ದಡದಡ ಬಂದು ಕರಿಯಕ್ಕನ ಚೀಲವನ್ನೇ ಕಿತ್ತುಕೊಂಡು ಎತ್ತುತ್ತಾರೆ, ನಿಂತ ಪದವನ್ನೂ ಎತ್ತಿಕೊಳ್ಳುತ್ತಾರೆ. "ಸಾವಿರ ಕುರಿಯ ನಡುವೆ ಗುರುತ..." ಅಲ್ಲಿಗೆ ಮರೆತುಹೋಗುತ್ತದೆ. ಚೀಲ ಮಾತ್ರ ಇಳಿಯುವುದಿಲ್ಲ.

ಬಸ್ಸಿನ ಹಾರ್ನ್ ಕೇಳುತ್ತದೆ. ಸೌಭಾಗ್ಯ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ.

"ಹೆಸರು ಇನ್ನೂ ಬಂದಿಲ್ರಿ. ಸೊಸಿ ಅನ್ನೂದು ಬಂತಲ್ಲ. ನಾಳಿ ಹೆಸರು ಹಿಡದು ಬೈದ್ರೂ ಬೈಬೌದು."